ಎರಡು ಬೆರಳಿನ ಅಳತೆ

೧೯೩೮, ಮಾರ್ಚ್ ೧೪, ಸೋಮವಾರ. ಬೆಳಿಗ್ಗೆ ಆರೂವರೆಗೆ ಬರೆಯಲು ಕುಳಿತೆ.

ಅವರ ಎಡಗೈಯ ಕಿರುಬೆರಳಿನ ಉಗುರು ಯಾವಾಗಲೂ ಮಾಂಸದವರೆಗೆ ಕತ್ತರಿಸಿರುತ್ತಿತ್ತು. ಕ್ಲೋರೋಫಾರಂ ಕೊಡುವಾಗ ಆ ಬೆರಳು ರೋಗಿಯ ದವಡೆಯ ಕೆಳಗಿರುತ್ತಿತ್ತು. ದವಡೆ ಬಿಗಿಯಾಗಿದೆಯೋ ಸಡಿಲವಾಯಿತೋ ಎಂದು ಅವರಿಗೆ ಹೇಳುತ್ತಿದ್ದದ್ದು ಅದೇ. ಬಂಗಾರಪೇಟೆಯ ನಮ್ಮ ಸಣ್ಣ ಆಸ್ಪತ್ರೆಯ ಕಾಂಪೌಂಡರು ಅವರು. ನಾನು ಅಲ್ಲಿ ನರ್ಸ್ ಕೆಲಸ ಕಲಿಯುತ್ತಿದ್ದೆ. ಹನಿಗಳನ್ನೂ ನಾಡಿಯನ್ನೂ ಎಣಿಸಿ ಬರೆಯುವುದು ನನ್ನ ಪಾಲಿನದು.

ಅವರದೊಂದು ಪದ್ಧತಿ ನನಗೆ ವಿಚಿತ್ರವೆನಿಸುತ್ತಿತ್ತು. ಆಪರೇಷನ್ನಿನ ಹಿಂದಿನ ದಿನ ರೋಗಿಯ ಬಳಿ ಕುಳಿತು, "ಕೈ ಬಿಚ್ಚು ನಾಯ್ನಾ, ಎಷ್ಟಾಗ್ತದೋ ಅಷ್ಟು" ಎನ್ನುವರು. ಅಂಗೈ ಪೂರ್ತಿ ಬಿಚ್ಚದಿದ್ದರೆ, ಬೆರಳ ತುದಿಗೂ ಅಂಗೈಗೂ ನಡುವೆ ತಮ್ಮ ಬೆರಳುಗಳನ್ನಿಟ್ಟು ಅಳೆಯುವರು. "ಬರ್ಕೊ ಅಮ್ಮಣ್ಣಿ. ಎಚ್ಚರದಾಗ ಎಂಗಿದ್ದ ಅಂತ ಗೊತ್ತಿಲ್ದೆ ಇದ್ರೆ, ನಿದ್ದೇಲಿ ಏನಂತ ನೋಡ್ತೀಯ?"

ಕಳೆದ ಆಗಸ್ಟಿನಲ್ಲಿ ಆಸ್ಪತ್ರೆಯ ಮಂಚದ ಮೇಲಿದ್ದವನು ನನ್ನ ಅಣ್ಣ. ನಂದಿದುರ್ಗದ ಚಿನ್ನದ ಗಣಿಯಲ್ಲಿ ಹನ್ನೊಂದು ವರ್ಷ ಬಂಡೆ ಕೊರೆದವನು. ರಜೆಗೆಂದು ಊರಿಗೆ ಬಂದಾಗ ಗಾಡಿ ಮಗುಚಿ, ತೊಡೆಯ ಮೂಳೆ ಸೊಂಟದ ಗುಳಿಯಿಂದ ಜಾರಿತ್ತು.

"ಏನ್ ತಾತ, ಅಸ್ತರೇಖೆ ನೋಡ್ತೀಯಾ? ಮದ್ವೆ ಯಾವಾಗ ಏಳು" ಎಂದ ಅಣ್ಣ, ನೋವಿನಲ್ಲೂ.

"ಮೊದ್ಲು ನೆಟ್ಗೆ ನಡೀಲಾ. ಆಮ್ಯಾಕೆ ಎಣ್ಣು ನೋಡಾನ. ಪೂರ್ತಿ ಬಿಚ್ಚು."

"ಇಷ್ಟೇ ಬಿಚ್ಚೋದು. ಉಳಿ ಇಡ್ದು ಇಡ್ದು ಇಂಗಾಗೈತೆ."

ಕಾಂಪೌಂಡರು ಅಳೆದರು. "ಎರಡು ಬೆರಳು. ಬರ್ಕೊ." ಆ ದಿನ ನನ್ನ ಮನಸ್ಸೆಲ್ಲ ಕಾಲಿನ ಮೇಲೆ, ಕೈಯ ಅಳತೆ ಯಾರಿಗೆ ಬೇಕು ಎಂದುಕೊಂಡು ಬರೆಯದೆಯೇ ಪುಸ್ತಕ ಮುಚ್ಚಿದೆ. ಅವರು ನಿಂತೇ ಇದ್ದರು. ನಾನು ಬರೆದ ಮೇಲೆಯೇ ಹೋದದ್ದು.

ಮರುದಿನ ಹತ್ತೂ ಕಾಲಿಗೆ ಶುರುವಾಯಿತು. ಹೊಸದಾಗಿ ಬಂದಿದ್ದ ಡಾಕ್ಟರು ಕಾಲು ಎಳೆದರು. ಮೂಳೆ ಜಾಗಕ್ಕೆ ಬರಲಿಲ್ಲ. ಅಣ್ಣನ ಬಲಗೈ ಮುಷ್ಟಿಯಾಗಿಯೇ ಇತ್ತು. ಡಾಕ್ಟರು ಬಿಡಿಸಲು ನೋಡಿದರು, ಬೆರಳುಗಳು ಬಿಚ್ಚಲಿಲ್ಲ.

"ಮೈ ಇನ್ನೂ ಬಿಗಿಯಾಗಿದೆ. ಹಾಕ್ರಿ ಇನ್ನಷ್ಟು!"

ಅಷ್ಟರಲ್ಲಿ ನಾನು ಎಣಿಸುತ್ತಿದ್ದ ನಾಡಿ ತೆಳುವಾಗಿತ್ತು. ಇನ್ನಷ್ಟು ಹಾಕಿದರೆ ಅಣ್ಣ ಏಳದಿರಬಹುದು ಎಂದು ಗೊತ್ತಿದ್ದೂ, ಆ ಮುಷ್ಟಿ ನೋಡಿ ನನಗೂ ಹಾಕಲಿ ಎಂದೇ ಅನ್ನಿಸಿತು.

ಕಾಂಪೌಂಡರು ಹಾಕಲಿಲ್ಲ. ಮುಖದ ಮೇಲಿನ ಮದ್ದಿನ ಬಟ್ಟೆಯನ್ನೇ ಎತ್ತಿಬಿಟ್ಟರು. ಅಣ್ಣನ ತೋಳನ್ನು ಮೇಲೆತ್ತಿ ಬಿಟ್ಟರು. ಅದು ಒದ್ದೆ ಬಟ್ಟೆಯಂತೆ ಬಿತ್ತು.

"ಕೈ ನೋಡ್ಬ್ಯಾಡಿ ಸ್ವಾಮಿ. ದವಡೆ ನೋಡಿ, ಒಟ್ಟೆ ಮುಟ್ಟಿ ನೋಡಿ. ಅಮ್ಮಣ್ಣಿ, ನಿನ್ನೇದು ಓದು."

"ಬಲಗೈ, ಎರಡು ಬೆರಳು" ಎಂದೆ.

ಅವರು ಮುಷ್ಟಿಯೊಳಗೆ ತಮ್ಮ ಎರಡು ಬೆರಳು ತೂರಿಸಿ ತೋರಿಸಿದರು. ಸರಿಯಾಗಿ ಹಿಡಿಸಿದವು. "ಎಚ್ಚರದಾಗೂ ಇಷ್ಟೇ. ಈ ಬಿಗಿ ಗಣೀದು, ಎಷ್ಟು ಮದ್ದು ಆಕಿದ್ರೂ ಓಗಲ್ಲ. ಈಗ ಮೊಣಕಾಲು ಮಡಿಸ್ಕೊಂಡು ಎಳೀರಿ."

ಡಾಕ್ಟರು ಅಣ್ಣನ ಹೊಟ್ಟೆ ಒತ್ತಿ ನೋಡಿದರು. ಮೊಣಕಾಲು ಮಡಿಸಿ ಎಳೆದರು. 'ಟೊಕ್' ಎಂದು ಮೂಳೆ ಕುಳಿತ ಸದ್ದು ಇಡೀ ಕೋಣೆಗೆ ಕೇಳಿಸಿತು. ಹತ್ತು ಮೂವತ್ತೆಂಟು. ಆ ಸಾಲಿನಲ್ಲಿ ನನ್ನ ಅಕ್ಷರ ಈಗ ನನಗೇ ಓದಲಾಗುವುದಿಲ್ಲ. ಒಬ್ಬ ಮನುಷ್ಯ ಬರಿಯ ಬೆರಳುಗಳಿಂದ ನಿದ್ದೆಯ ಆಳವನ್ನು ಅಳೆದು ನಿಂತದ್ದನ್ನು ನೆನೆದರೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

ಇದನ್ನು ಯಾರು ಕಲಿಸಿದರು ಎಂದು ಆಮೇಲೊಮ್ಮೆ ಕೇಳಿದೆ. ಅವರು ಬಾಟಲಿ ಒರೆಸುತ್ತಿದ್ದರು.

"ಒಬ್ಬನ ಕೈ ಕಲಿಸ್ತಮ್ಮ. ಚಾಂಪಿಯನ್ ರೀಫ್ಸ್ ಗಣಿ ಕಡೆಯೋನು. ಅವತ್ತು ನಾನು ಕೈ ನೋಡಿ ಇನ್ನಷ್ಟು ಆಕ್ದೆ." ಮತ್ತೆ ಆ ಮಾತು ಎತ್ತಲಿಲ್ಲ.

ಮೊನ್ನೆ ಶುಕ್ರವಾರ ಕಾಂಪೌಂಡರು ಜ್ವರದಲ್ಲಿ ತೀರಿಕೊಂಡರು. ಅಣ್ಣ ತನ್ನ ಕಾಲ ಮೇಲೆ ನಡೆದು ಹೋಗಿ ಹೆಗಲು ಕೊಟ್ಟ. ಶನಿವಾರ ಹೊಸ ರೋಗಿಯ ಹಾಸಿಗೆಯ ಬಳಿ ಡಾಕ್ಟರು ತಾವಾಗಿಯೇ ಕೇಳಿದರು: "ಕೈ ಎಷ್ಟು ಬೆರಳು?"

ಆ ಚಾಂಪಿಯನ್ ರೀಫ್ಸಿನವನ ಹೆಸರು ನನಗೆ ಗೊತ್ತಿಲ್ಲ. ಬಹಳ ವರ್ಷಗಳ ಹಿಂದೆ, ಕ್ಲೋರೋಫಾರಂ ಕೊಟ್ಟಾಗ ಮಲಗಿ ಏಳದೆ ಹೋದ, ಅಂಗೈ ಬಿಚ್ಚಲಾಗದ ಒಬ್ಬರು ಇದನ್ನು ಓದುವ ನಿಮ್ಮ ಮನೆಯಲ್ಲಿ ಇದ್ದಿದ್ದರೆ ದಯವಿಟ್ಟು ನನಗೆ ಬರೆಯಿರಿ. ಅವರ ಹೆಸರನ್ನು ನನ್ನ ಪುಸ್ತಕದ ಮೊದಲ ಪುಟದಲ್ಲಿ ಬರೆಯಬೇಕು. ಅದರ ಕೆಳಗೆ, ಅಣ್ಣನದೂ ಸೇರಿ, ಈವರೆಗೆ ಅಳೆದ ನಲವತ್ತೊಂದು ಕೈಗಳಿವೆ. ನಲವತ್ತೊಂದು ಜನರೂ ಎದ್ದಿದ್ದಾರೆ.