ಗಜನಿ ಸಾಹೇಬರ ಮಣ್ಣು

ಬೆಳಗಿನ ಆರು ಗಂಟೆ. ರಾಜಾಜಿನಗರದ ಈ ತುದಿಯಲ್ಲಿ ಇನ್ನೂ ಮನೆಗಳಿಗಿಂತ ಸೈಟುಗಲ್ಲುಗಳೇ ಹೆಚ್ಚು. ಅವುಗಳ ನಡುವಿನ ಕಾಲುದಾರಿಯಲ್ಲಿ ಬರುವ ಚಿಕ್ಕಗಂಗಮ್ಮ ಮಣ್ಣು ಪರೀಕ್ಷೆಯ ಕಚೇರಿಯ ಹಿಂದಿರುವ ತಗಡಿನ ಶೆಡ್ಡಿನ ಬಾಗಿಲು ತೆಗೆಯುತ್ತಾರೆ. ಪೊರಕೆ ಹಿಡಿಯುವ ಮೊದಲು, ಕೊಡತಿ ಎತ್ತುವ ಮೊದಲು, ಕಿಟಕಿಯ ಕಟ್ಟೆಯ ಮೇಲಿರುವ ಬಾಯಿ ಒಡೆದ ಮಡಕೆಗೆ ಒಂದು ಚೊಂಬು ನೀರು ಹುಯ್ಯುತ್ತಾರೆ. ಸೆರಗಿನ ಗಂಟು ಬಿಚ್ಚಿ ಒಂದು ಹರಳು ಕಲ್ಲುಪ್ಪು ತೆಗೆದು ಅದರೊಳಗೆ ಹಾಕುತ್ತಾರೆ. ಮಡಕೆಯ ತಳದಲ್ಲಿರುವುದು ಎರಡು ಮುಷ್ಟಿ ಕಪ್ಪು ಮಣ್ಣು, ಅಷ್ಟೇ. ಗಿಡವಿಲ್ಲ, ಬೀಜವಿಲ್ಲ.

"ಏನಮ್ಮಾ, ಮಣ್ಣಿಗೆ ಉಪ್ಪು ಹಾಕಿ ಸಾರು ಮಾಡ್ತೀರಾ?" ಎಂದೆ. ಪತ್ರಿಕೆಯವನ ಬಾಯಿ ನೋಡಿ, ಬೆಳಗಾಗುವ ಮೊದಲೇ ಕೀಟಲೆ.

ಆಕೆ ನಗಲಿಲ್ಲ. "ಇದು ಸಮುದ್ರದ ಪಕ್ಕದ ಮಣ್ಣು ಸ್ವಾಮಿ. ಉಪ್ಪುನೀರಲ್ಲೇ ಇದ್ದಿದ್ದು. ನಾನು ಸಮುದ್ರ ಎಲ್ಲಿಂದ ತರ್ಲಿ?" ಎಂದು ಪೊರಕೆ ತೆಗೆದುಕೊಂಡರು.

ಚಿಕ್ಕಗಂಗಮ್ಮನಿಗೆ ವಯಸ್ಸು ಐವತ್ತರ ಆಚೆ ಈಚೆ. ದಿನಗೂಲಿಯ ಕೆಲಸ. ರಾಜ್ಯದ ಮೂಲೆಮೂಲೆಗಳಿಂದ ಬರುವ ಮಣ್ಣಿನ ಚೀಲಗಳನ್ನು ಬಿಚ್ಚುವುದು, ನೆರಳಿನಲ್ಲಿ ಹರವಿ ಒಣಗಿಸುವುದು, ಮರದ ಕೊಡತಿಯಿಂದ ಕುಟ್ಟುವುದು, ಜರಡಿ ಹಿಡಿಯುವುದು, ಪುಡಿಯನ್ನು ಡಬ್ಬಿಗೆ ತುಂಬಿ ಒಳಗಿನ ಮೇಜಿಗೆ ಕಳಿಸುವುದು. ದಿನಕ್ಕೆ ಇಪ್ಪತ್ತೆರಡು ಚೀಲ, ಬೇಸಗೆಯಲ್ಲಿ ಮೂವತ್ತು. ಒಳಗಿನ ಮೇಜಿನವರು ಪುಡಿಯ ಬಣ್ಣ ನೋಡಿ, ಗಾಜಿನ ಕೊಳವೆಯಲ್ಲಿ ನೀರು ಇಳಿಸಿ, ಇದು ಇಂಥ ವರ್ಗದ ಮಣ್ಣು ಎಂದು ಕಾರ್ಡು ಬರೆಯುತ್ತಾರೆ. ಆ ಕಾರ್ಡಿನ ಪ್ರಕಾರ ಎಲ್ಲೋ ದೂರದಲ್ಲಿ ಕಾಲುವೆ ತೋಡುತ್ತಾರೆ, ಒಡ್ಡು ಕಟ್ಟುತ್ತಾರೆ. ಎಂಟು ವರ್ಷದಿಂದ ಆ ಕಾರ್ಡುಗಳ ಮಣ್ಣೆಲ್ಲ ಈ ಹೆಂಗಸಿನ ಕೈ ಹಾದು ಹೋಗಿದೆ. ಆಕೆಯ ಹೆಸರು ಒಂದು ಕಾರ್ಡಿನಲ್ಲೂ ಇಲ್ಲ. ಅದಿರಲಿ, ಕಚೇರಿಯಲ್ಲೇ ಅರ್ಧ ಜನಕ್ಕೆ ಆಕೆ "ಕುಟ್ಟೋ ಅಮ್ಮ".

ಆಕೆಯದು ಕಾಮಾಕ್ಷಿಪಾಳ್ಯದ ಕುಂಬಾರರ ಮನೆ. ಗಂಡ ಹನುಮಯ್ಯ ತಿಗರಿ ತಿರುಗಿಸುತ್ತಿದ್ದವರು. ಮಣ್ಣು ತರುತ್ತಿದ್ದ ಕೆರೆಕುಂಟೆಯ ಮೇಲೆ ಈಗ ಬಡಾವಣೆಯ ಕಲ್ಲುಗಳು ನಿಂತಿವೆ. ತಿಗರಿ ಹಿತ್ತಲ ಗೋಡೆಗೆ ಒರಗಿದೆ, ಹನುಮಯ್ಯ ಮಾಗಡಿ ರಸ್ತೆಯ ಒಂದು ಕಾರ್ಖಾನೆಯ ಗೇಟಿನಲ್ಲಿ ಕಾವಲಿಗೆ ನಿಂತಿದ್ದಾರೆ.

"ತಿಗರಿ ಮುಟ್ಟೋರು ಗಂಡಸ್ರು. ಮಣ್ಣು ಹದ ಮಾಡೋರು ನಾವು. ತುಳಿಯೋದು, ಕಲ್ಲು ಆರಿಸೋದು, ಒದ್ದೆ ಗೋಣಿ ಹೊದಿಸಿ ಮಲಗ್ಸೋದು. ಮಣ್ಣನ್ನ ಒಣಗಕ್ಕೆ ಬುಟ್ರೆ ಅತ್ತೆ ಬೆನ್ನಿಗೆ ಬೀಳೋಳು," ಎನ್ನುತ್ತಾರೆ. ಆಮೇಲೆ ತಾವೇ ಸೇರಿಸುತ್ತಾರೆ: "ಇಲ್ಲಿ ಒಣಗಿಸೋದಕ್ಕೇ ಕೂಲಿ ಕೊಡ್ತಾರೆ ನೋಡಿ."

ಆಕೆಗೆ ಆಕೆಯದೇ ಆದ ವರ್ಗೀಕರಣವೊಂದಿದೆ. ಚೀಲ ಬಿಚ್ಚಿದ ಕೂಡಲೇ ಒಂದು ಚಿಟಿಕೆ ಮಣ್ಣು ತೆಗೆದು, ಉಗುಳು ಮುಟ್ಟಿಸಿ ಅಂಗೈಯಲ್ಲಿ ಹೊಸೆಯುತ್ತಾರೆ. ಉಂಡೆಯೂ ಆಗದೆ ಉದುರಿದರೆ ಮರಳು. ಹುರಿಯಾಗಿ ಮಧ್ಯೆ ತುಂಡಾದರೆ ತರಕಾರಿ ಮಣ್ಣು. ಹುರಿಯನ್ನು ಬಗ್ಗಿಸಿದಾಗ ಬಿರುಕಿಲ್ಲದೆ ಸುತ್ತು ಬಂದರೆ ಅದು "ಬಳೆಮಣ್ಣು": ಅಪ್ಪಟ ಜೇಡಿ, ನೀರನ್ನು ಒಳಗೂ ಬಿಡದು, ಹೊರಗೂ ಬಿಡದು. ನಾನು ಒಳಗಿನ ಮೇಜಿನಿಂದ ಐದು ಕಾರ್ಡು ತಂದು ಪರೀಕ್ಷೆ ಮಾಡಿದೆ, ಎಷ್ಟಾದರೂ ಅನುಮಾನದ ಪ್ರಾಣಿ. ಐದಕ್ಕೆ ಐದೂ ಸರಿ ಹೇಳಿದರು. ಒಂದಕ್ಕೆ ಮಾತ್ರ ಅರ್ಧ ಗಳಿಗೆ ಯೋಚಿಸಿದರು.

ಮಡಕೆಯ ವಿಷಯಕ್ಕೆ ಬರೋಣ. ಅದಕ್ಕಾಗಿಯೇ ನಾನು ಇಲ್ಲಿಗೆ ಬಂದದ್ದು.

ಎರಡು ವರ್ಷದ ಹಿಂದೆ, ಐವತ್ತೇಳರ ಮಾಗಿಯಲ್ಲಿ, ಹೊಸದಾಗಿ ನಮ್ಮ ರಾಜ್ಯಕ್ಕೆ ಸೇರಿದ್ದ ಕರಾವಳಿಯಿಂದ ಏಳು ಚೀಲ ಬಂದವು. ಹೊಳೆ ಸಮುದ್ರ ಸೇರುವ ಕಡೆಯ ಒಂದು ಊರು. ಹೆಸರು ಬೇಡ, ಆ ಊರಿಗೆ ಆಗಿರುವುದೇ ಸಾಕು. ಲಾರಿ, ರೈಲು, ಎತ್ತಿನ ಗಾಡಿ ಎಲ್ಲ ದಾಟಿ ಬಂದರೂ ಚೀಲಗಳು ಇನ್ನೂ ತೊಟ್ಟಿಕ್ಕುತ್ತಿದ್ದವಂತೆ.

"ಬಿಚ್ಚಿದ್ರೆ ಕೊಳೆತ ಮೊಟ್ಟೆ ನಾತ ಸ್ವಾಮಿ! ಮೂಗು ಮುಚ್ಕೊಂಡು ಎಲ್ರೂ ಓಡೋದ್ರು. ಮಣ್ಣು ನೋಡಿದ್ರೆ ನೀಲಿ, ಕಪ್ಪುನೀಲಿ. ಬೇರು ಹೋದ ಜಾಗದಲ್ಲಿ ಮಾತ್ರ ತುಕ್ಕು ಹಿಡಿದಂಗೆ ಕೆಂಪುಗೆರೆ. ಬಳೆ ಮಾಡಿದೆ. ನನ್ನ ಜನ್ಮದಲ್ಲಿ ಅಂಥ ಬಳೆ ಬಂದಿರಲಿಲ್ಲ. ಇದು ನೀರೊಳಗೇ ಹುಟ್ಟಿ ನೀರೊಳಗೇ ಬೆಳೆದದ್ದು ಅಂತ ಕೈಗೆ ಗೊತ್ತಾಯ್ತು."

ಪ್ರತಿ ಚೀಲದ ಚೀಟಿಯ ಮೇಲೂ ಕಳಿಸಿದವರು ಒಂದು ಪದ ಬರೆದಿದ್ದರು: ಗಜನಿ. ಕರಾವಳಿಯ ಆ ಭಾಗದಲ್ಲಿ ಮಕ್ಕಳಿಗೂ ಗೊತ್ತಿರುವ ಪದ. ಉಬ್ಬರದ ಉಪ್ಪುನೀರು ಬಂದು ನಿಲ್ಲುವ ತಗ್ಗು ಗದ್ದೆಗೆ ಗಜನಿ ಎನ್ನುತ್ತಾರೆ. ಮಳೆಗಾಲದಲ್ಲಿ ಉಪ್ಪಿಗೆ ಬಗ್ಗದ ಕಗ್ಗ ಭತ್ತ, ಕೊಯ್ಲಾದ ಮೇಲೆ ಅದೇ ನೀರಿನಲ್ಲಿ ಮೀನು, ಸಿಗಡಿ. ಬೆಂಗಳೂರಿನಲ್ಲಿ ಆ ಪದ ಕೇಳಿದವರು ಯಾರು? ಗುಮಾಸ್ತೆ ಗೋಪೀನಾಥ ಚೀಟಿ ಓದಿದರು, ಯಾರೋ ಸಾಹೇಬರ ಹೆಸರಿರಬೇಕು ಎಂದುಕೊಂಡರು, ಹಿಡುವಳಿದಾರರ ಕಾಲಮಿನಲ್ಲಿ ಏಳು ಸಲ "ಗಜನಿ" ಎಂದು ದುಂಡಗೆ ಬರೆದರು. ಏಳು ಚೀಲದ ಭೂಮಿ ಒಬ್ಬರದೇ! ಭಾರೀ ಜಮೀನ್ದಾರರು! ಕಚೇರಿಯಲ್ಲಿ ಒಂದು ವಾರ ಅದೇ ತಮಾಷೆ. "ಗಜನಿ ಸಾಹೇಬರ ಮಣ್ಣು ನಾರ್ತಾ ಐತೆ, ಕಿಟಕಿ ತೆಗೀರಪ್ಪಾ" ಎಂದು ಜವಾನರು ಕೂಗಾಡಿದರು.

ಭೂಮಿಯ ಬಗೆ ಎಂಬ ಕಾಲಮು ಹೀಗೆ ಖಾಲಿ ಉಳಿಯಿತು. ಅದನ್ನು ತುಂಬಿದ್ದು ಪುಡಿ ನೋಡಿ. ಒಣಗಿಸಿ ಕುಟ್ಟಿ ಜರಡಿ ಹಿಡಿದ ಮೇಲೆ ನೀಲಿ ಎಲ್ಲಿ ಉಳಿಯುತ್ತದೆ, ನಾತ ಎಲ್ಲಿ ಉಳಿಯುತ್ತದೆ? ಕಂದು ಪುಡಿ. ಕೊಳವೆಯಲ್ಲಿ ನೀರು ಹಾಯಾಗಿ ಇಳಿಯಿತು. ಕಾರ್ಡು ಹೊರಟಿತು: ಕಂದು ಜೇಡಿ, ಸಾಧಾರಣವಾಗಿ ನೀರು ಬಸಿಯುವ ವರ್ಗ, ಉಪ್ಪುನೀರು ತಡೆದು ಕಾಲುವೆ ತೋಡಿದರೆ ಸುಧಾರಿತ ಭತ್ತಕ್ಕೆ ಯೋಗ್ಯ.

ಚಿಕ್ಕಗಂಗಮ್ಮ ಮಾತ್ರ ಅಭ್ಯಾಸಬಲದಿಂದ ಎರಡು ಮುದ್ದೆ ತೆಗೆದಿಟ್ಟಿದ್ದರು. ಒಂದನ್ನು ಕಿಟಕಿಯ ಮೇಲೆ ಬಿಸಿಲಿಗೆ, ಇನ್ನೊಂದನ್ನು ಮಡಕೆಯ ನೀರಿಗೆ. ಒಂದೂವರೆ ತಿಂಗಳಾಗುವಷ್ಟರಲ್ಲಿ ಬಿಸಿಲಿನ ಮುದ್ದೆ ಬಿರಿದು, ಬಿರುಕಿನೊಳಗೆಲ್ಲ ಅರಿಶಿನದ ಪುಡಿಯಂಥದು ಕಾಣಿಸಿಕೊಂಡಿತು. ನಾಲಗೆಗೆ ಮುಟ್ಟಿಸಿದರೆ ಹುಳಿ. "ಹುಣಸೆಹಣ್ಣಲ್ಲ ಸ್ವಾಮಿ, ಹಲ್ಲು ಜುಮ್ ಅನ್ನೋ ಹುಳಿ." ನೀರಿನೊಳಗಿನದು ಹಾಗೇ ಇತ್ತು, ಕಪ್ಪಗೆ, ನುಣ್ಣಗೆ.

ಎರಡನ್ನೂ ಎರಡು ಕೈಯಲ್ಲಿ ಹಿಡಿದು ಒಳಗೆ ಹೋದರು. "ಇದನ್ನ ಒಣಗಿಸಬಾರ್ದು ಬುದ್ಧಿ, ನೀರು ತೆಗೆದ್ರೆ ಈ ಮಣ್ಣು ಕೆಡ್ತದೆ" ಎಂದರು. ಅಧಿಕಾರಿಗಳು ತಲೆ ಎತ್ತಲಿಲ್ಲ. "ಕುಟ್ಟೋದು ನಿನ್ನ ಕೆಲಸ, ಹೇಳೋದು ನಮ್ಮದು" ಎಂದರಂತೆ. ಕಾರ್ಡು ಆಗಲೇ ಅಂಚೆ ಸೇರಿತ್ತು.

ಅಲ್ಲಿ ಕೆಲಸ ಶುರುವಾಯಿತು. ಸಿಮೆಂಟಿನ ಒಡ್ಡು, ಕಬ್ಬಿಣದ ಹಲಗೆಯ ಗೇಟು, ಉದ್ದಕ್ಕೂ ಕಾಲುವೆ. ಉಬ್ಬರದ ನೀರು ಹೊರಗೇ ನಿಂತಿತು, ಒಳಗಿನ ನೀರು ಬಸಿದುಹೋಯಿತು. ಮೊದಲ ಬೇಸಗೆಯಲ್ಲಿ ಕೈ ತೂರುವಷ್ಟು ಅಗಲಕ್ಕೆ ಗದ್ದೆ ಬಿರಿಯಿತು. ಮಳೆ ಬಂದಾಗ ಕಾಲುವೆಗೆ ಹುಳಿನೀರು ಇಳಿದು ಮೀನು ಹೊಟ್ಟೆ ಮೇಲಾಗಿ ತೇಲಿದವು. ನೆಟ್ಟ ಸಸಿ ಹದಿನೈದು ದಿನಕ್ಕೆ ಕೆಂಪಾಯಿತು. ಈ ವರ್ಷ ಹುಲ್ಲು ಕೂಡ ಇಲ್ಲ. ನೂರಾ ನಲವತ್ತು ಎಕರೆ, ಮೂವತ್ತೊಂದು ಮನೆ.

ಇದೆಲ್ಲ ಇಲ್ಲಿಗೆ ತಿಳಿದದ್ದು ಕಳೆದ ತಿಂಗಳು, ಆ ಊರಿನ ತಿಮ್ಮಣ್ಣ ಪಟಗಾರ ಎಂಬ ರೈತರು ಎರಡು ದಿನ ಪ್ರಯಾಣ ಮಾಡಿ ಕಚೇರಿಗೆ ಬಂದಾಗ. ಅವರಿಗೆ ಬೇಕಾಗಿದ್ದುದು ಒಂದೇ. ಗೇಟು ತೆಗೆದು ಉಪ್ಪುನೀರನ್ನು ಮತ್ತೆ ಒಳಗೆ ಬಿಡಬೇಕು. ಗೇಟು ತೆಗೆಯಲು ಮೇಲಿನ ಹುಕುಂ ಬೇಕು, ಹುಕುಮಿಗೆ ಕಾರ್ಡಿನಲ್ಲಿ ವರ್ಗ ಬದಲಾಗಬೇಕು. ಗೋಪೀನಾಥ ಕಡತ ತೆಗೆದು, "ಗಜನಿ ಅನ್ನೋರು ನೀವೇನಾ?" ಎಂದು ಕೇಳಿದರು.

ಗೋಪೀನಾಥ ಈಗ ಅದನ್ನು ಹೇಳುವಾಗ ಮೇಜು ನೋಡುತ್ತಾರೆ. "ಆ ಮನುಷ್ಯ ನನ್ನ ಮುಖ ನೋಡಿದ್ರು ಸಾರ್. 'ಗಜನಿ ಅಂದ್ರೆ ನಮ್ಮ ಗದ್ದೆ ಅಲ್ದಾ ಸ್ವಾಮಿ' ಅಂದ್ರು. ನನಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು. ಒಂದು ಪದ ಸಾರ್. ಯಾರನ್ನಾದ್ರೂ ಕೇಳಿದ್ರೆ ಆಗೋದು."

ತಪ್ಪು ತಿದ್ದಲು ಅವರೇ ಟಿಪ್ಪಣಿ ಬರೆದರು, ತಮ್ಮದೇ ತಪ್ಪೆಂದೂ ಒಪ್ಪಿಕೊಂಡರು. ಆ ಸಣ್ಣ ಸಂಬಳದವರಿಗೆ ಅದು ಸಣ್ಣ ಧೈರ್ಯವಲ್ಲ. ಹದಿನೇಳು ದಿನಕ್ಕೆ ಉತ್ತರ ಬಂತು. ಪ್ರಯೋಗಾಲಯದಿಂದ ಹೊರಟ ವರ್ಗವನ್ನು ಬದಲಾಯಿಸುವಂತಿಲ್ಲ, ಹೊಸ ಮಣ್ಣು ತರಿಸಿ ಪರೀಕ್ಷಿಸುವುದು.

ಹೊಸ ಮಣ್ಣು ಹೋದ ವಾರ ಬಂತು. ಒಣಗಿಸುವ ಕೆಲಸವೇ ಇರಲಿಲ್ಲ, ಎಲ್ಲ ಅರಿಶಿನ ಬಣ್ಣದ ಹೆಂಟೆ. ಚಿಕ್ಕಗಂಗಮ್ಮ ಬಳೆ ಮಾಡಲು ನೋಡಿದರು, ಬೆರಳಿನಲ್ಲೇ ಒಡೆಯಿತು. "ನಾನೇ ಕುಟ್ಟಿದೆ," ಎನ್ನುತ್ತಾರೆ. "ಅವತ್ತೂ ನಾನೇ ಕುಟ್ಟಿದ್ದು, ಇವತ್ತೂ ನಾನೇ." ಹೊಸ ಕಾರ್ಡು ಹೇಳುತ್ತದೆ: ಹುಳಿಮಣ್ಣು, ಒಣ ವರ್ಗ, ಎಕರೆಗೆ ಇಷ್ಟು ಮೂಟೆ ಸುಣ್ಣ ಹಾಕುವುದು. ಈ ಮಣ್ಣು ಹಿಂದೆ ನೀರಿನಲ್ಲಿತ್ತು ಎಂಬ ಮಾತಿಗೆ ಅದರಲ್ಲಿ ಜಾಗವಿಲ್ಲ. ಗೇಟು ಮುಚ್ಚಿಯೇ ಇರುತ್ತದೆ. ಅಲ್ಲ, ಇದಕ್ಕೆ ಯಾರನ್ನು ಬೈಯುವುದು? ನಾನು ಎರಡು ದಿನ ಯೋಚಿಸಿದೆ. ಬೈಯಲು ಒಬ್ಬ ದುಷ್ಟನೂ ಸಿಗಲಿಲ್ಲ, ಅದೇ ನನಗೆ ಹೆಚ್ಚು ಭಯ ಹುಟ್ಟಿಸಿದೆ.

ಮಿಲ್ಲಿನ ಸೈರನ್ ಕೂಗುತ್ತದೆ. ಚಿಕ್ಕಗಂಗಮ್ಮ ಕೊಡತಿ ಎತ್ತುತ್ತಾರೆ. ಸಮುದ್ರ ನೋಡುವ ಆಸೆ ಇಲ್ಲವೇ ಎಂದು ಕೇಳುತ್ತೇನೆ.

"ಯಾವ ಮುಖ ಹೊತ್ಕೊಂಡು ಹೋಗ್ಲಿ? ಆ ಊರೋರು ನೀನ್ಯಾರು ಅಂತ ಕೇಳಿದ್ರೆ ಏನಂತ ಹೇಳ್ಲಿ?"

ಮೂಲೆಯಲ್ಲಿ ಕುಳಿತು, ಆಕೆಯ ಕೆಲಸದ ನಡುವೆ, ತಿಮ್ಮಣ್ಣ ಪಟಗಾರರು ಈ ಶೆಡ್ಡಿಗೆ ಬಂದ ಕಥೆಯನ್ನು ಕೇಳಿಸಿಕೊಳ್ಳುತ್ತೇನೆ. ಹೊರಡುವ ದಿನ ಅವರು ಹಿಂದಿನ ಬಾಗಿಲಲ್ಲಿ ನೀರು ಕೇಳಲು ಬಂದಿದ್ದರಂತೆ. ಮಡಕೆ ಕಂಡಿತು. ಹತ್ತಿರ ಹೋಗಿ ಬಗ್ಗಿ ಮೂಸಿದರು. ಆ ನಾತಕ್ಕೆ ಕಚೇರಿಯೇ ಎದ್ದು ಓಡಿತ್ತಲ್ಲ, ಅವರು ಕಣ್ಣು ಮುಚ್ಚಿಕೊಂಡು ಮೂಸಿದರು. ಮೊಣಕೈವರೆಗೆ ಅಂಗಿಯ ತೋಳು ಮಡಚಿ ನೀರಿನೊಳಗೆ ಕೈ ಇಟ್ಟರು.

"ತಕ್ಕೊಂಡು ಹೋಗಣ್ಣಾ, ನಿಮ್ದೇ, ಅಂದೆ. ಹೊಸ ಮಡಕೆಗೆ ಹಾಕ್ಕೊಡ್ತೀನಿ, ದಾರೀಲಿ ನೀರು ಹಾಕ್ಕೊಂಡು ಹೋಗು ಅಂದೆ. ತಲೆ ಆಡಿಸ್ಬುಟ್ರು. 'ತಕೊಂಡು ಹೋಗಿ ಎಲ್ಲಿ ಹಾಕೂದು ತಾಯೀ? ಅಲ್ಲಿ ಹಾಕಿದ್ರೆ ಇದೂ ಸಾಯ್ತದೆ. ಇಲ್ಲೇ ಇರ್ಲಿ' ಅಂದ್ರು. ಕೈ ತೊಳ್ಕೊಳ್ಳಿ ಅಂತ ಚೊಂಬು ಕೊಟ್ಟೆ. ತೊಳೀಲಿಲ್ಲ ಸ್ವಾಮಿ. ಹಂಗೇ ಕೈಯೆಲ್ಲ ಕೆಸರು ಮಾಡ್ಕೊಂಡು ರೈಲಿಗೆ ಹೋದ್ರು."

ಕೊಡತಿ ಒಂದೇ ಸಮನೆ ಬೀಳುತ್ತದೆ. ಇವತ್ತಿನ ಚೀಲಗಳು ಇಪ್ಪತ್ತಾರು. ನಿಮಗೇನಾದರೂ ಬೇಕೇ, ಬರೆಯುತ್ತೇನೆ, ಎಂದೆ. ಆಕೆ ಕೈಯಲ್ಲಿದ್ದ ಚೀಲ ಕುಟ್ಟಿ ಮುಗಿಸಿದರು. ಆಮೇಲೆ, ಜರಡಿ ತಟ್ಟುತ್ತ:

"ನಾಳೆ ಭಾನುವಾರ ಕಚೇರಿ ಬಾಗ್ಲು ಹಾಕಿರ್ತದೆ. ಬೇಸಗೆ ಬೇರೆ, ನೀರು ಬೇಗ ಇಂಗ್ತದೆ. ಇಲ್ಲಿನ ಹೊಸ ಕಾವಲಿನೋನಿಗೆ ಹೇಳಿ ಕಿಟಕಿ ಒಂದು ತೆಗೆಸಿಕೊಡಿ ಸ್ವಾಮಿ. ಹೊರಗಿಂದಾನೇ ಕೈ ಹಾಕಿ ಒಂದು ಚೊಂಬು ಹುಯ್ದು ಹೋಗ್ತೀನಿ."