ಟೀ ತೋಟದಲ್ಲಿ ಆರೋಗ್ಯಮ್ಮನ ತಾಯಿ

ಅಮ್ಮತ್ತಿಯ ನಮ್ಮ ಚರ್ಚಿನಿಂದ ಫಾದರ್ ಸೇರಿ ಒಂಬತ್ತು ಜನ ಶ್ರೀಲಂಕಾಕ್ಕೆ ಸೇವಾಯಾತ್ರೆ ಹೋದೆವು. ಉಸ್ತುವಾರಿ ನನ್ನದು. ಮೂವತ್ತು ವರ್ಷ ಟೀಚರಾಗಿದ್ದವಳಿಗೆ ಪಟ್ಟಿ ಹಾಕದೆ ಒಂದು ಕೆಲಸವೂ ಆಗದು. ದಿನಕ್ಕೆ ಎಷ್ಟು ಮನೆ ಭೇಟಿ, ಎಲ್ಲಿ ಪ್ರಾರ್ಥನೆ, ಎಲ್ಲಿ ಊಟ, ಕೊನೇ ದಿನ ಯಾವ ಜಲಪಾತ, ಎಲ್ಲಾ ಬರೆದಿಟ್ಟಿದ್ದೆ.

ಆರೋಗ್ಯಮ್ಮನನ್ನು ಕರೆದುಕೊಂಡು ಹೋಗಿದ್ದು ಅವಳ ತಮಿಳಿಗಾಗಿ. ಹ್ಯಾಟನ್ ಕಡೆಯ ಟೀ ತೋಟದ ಲೈನುಗಳಲ್ಲಿ, ಅಂದರೆ ಕೂಲಿಗಳ ಸಾಲುಮನೆಗಳಲ್ಲಿ, ತಮಿಳೇ ಮಾತು. ಅವಳು ಹುಟ್ಟಿದ್ದೂ ಅಲ್ಲೇ. ತೋಟದ ಕೂಲಿಗಳನ್ನು ಭಾರತಕ್ಕೆ ವಾಪಸ್ ಕಳಿಸಿದ ಕಾಲದಲ್ಲಿ, ಒಂಬತ್ತು ವರ್ಷದ ಹುಡುಗಿ, ಅಪ್ಪನ ಕೈ ಹಿಡಿದು ಹಡಗು ಹತ್ತಿ ಬಂದಳು. ಅಮ್ಮ ಅದಕ್ಕೂ ಮೊದಲೇ ಅಲ್ಲಿ ಮಣ್ಣಾಗಿದ್ದಳು. ಆಮೇಲೆ ಐವತ್ತು ವರ್ಷ ನಮ್ಮೂರ ಎಸ್ಟೇಟಿನಲ್ಲಿ ಕಾಫಿ ಕೊಯ್ದಳು. ಒಂದು ದಿನಕ್ಕೂ ಯಾರಿಗೂ ಎದುರು ಮಾತಾಡಿದವಳಲ್ಲ.

ಅಲ್ಲಿ ನಾಲ್ಕು ದಿನ ಲೈನು ಲೈನು ಸುತ್ತಿದೆವು. ಬೆಳಗ್ಗೆ ತೆಂಗಿನತುರಿ ಹಾಕಿದ ರೊಟ್ಟಿ, ಜೊತೆಗೆ ಕಣ್ಣಲ್ಲಿ ನೀರು ಬರಿಸೋ ಒಣಮೆಣಸಿನ ಚಟ್ನಿ, ಸಂಬೋಲ. ನಾನಂತೂ ನಾಚಿಕೆ ಬಿಟ್ಟು ನಾಲ್ಕು ತಿಂದೆ. ಆರೋಗ್ಯಮ್ಮ ಅರ್ಧ ರೊಟ್ಟಿ ಹಿಡಿದುಕೊಂಡೇ ಕೂತಿದ್ದಳು.

"ಟೀಚರ್, ನಮ್ಮ ಎಸ್ಟೇಟು ಇಲ್ಲಿಂದ ಒಂದು ಗಂಟೆ ದಾರಿಯಂತೆ. ನಾಳೆ ಅಮ್ಮನ ಸಮಾಧಿಗೆ ಒಂದು ಮೇಣದಬತ್ತಿ ಹಚ್ಚಿ ಬರೋಣವಾ? ಇನ್ನು ನಾನೆಲ್ಲಿ ಬರ್ತೀನಿ."

"ನಾವು ಬಂದಿರೋದು ದೇವರ ಸೇವೆಗೆ, ಸ್ವಂತ ಕೆಲಸಕ್ಕಲ್ಲ," ಅಂದೆ.

ನಾಳೆಗೆ ಇದ್ದದ್ದು ಜಲಪಾತ, ಆಮೇಲೆ ಕ್ಯಾಂಡಿಯಲ್ಲಿ ಊಟ. ಈಗ ನೆನೆದರೆ, ಅದು ಯಾವ ದೇವರ ಸೇವೆಯೋ! ಬೆಂಕಿ ಬೀಳಲಿ ಆ ಪಟ್ಟಿಗೆ! ಪಕ್ಕದಲ್ಲಿದ್ದ ಫಾದರ್ ಕೇಳಿಸಿಕೊಂಡರು. ಮಾರನೇ ದಿನ ವ್ಯಾನು ಜಲಪಾತದ ಕಡೆ ತಿರುಗಲೇ ಇಲ್ಲ. ನಾನು ಮುಖ ಊದಿಸಿಕೊಂಡು ಕೂತೆ.

ಎಸ್ಟೇಟಿನ ಲೈನು ಹಾಗೇ ಇತ್ತು. ಅದರ ಹಿಂದೆ, ಶಿಲುಬೆಗಳಿದ್ದ ಜಾಗದಲ್ಲಿ ಬರೀ ಟೀ ಗಿಡ. "ಇಲ್ಲೇ, ಹಳ್ಳದ ಪಕ್ಕ," ಅನ್ನುತ್ತ ಆರೋಗ್ಯಮ್ಮ ಒಳಗೆ ನುಗ್ಗಿ ಕೊಂಬೆ ಸರಿಸಿ ಹುಡುಕತೊಡಗಿದಳು. ರೊಬಸ್ಟಾ ಕೊಯ್ದ ಕೈ. ಕಾಫಿ ಹಣ್ಣು ಎಳೆಯುವ ಹಾಗೆ ಹಿಡಿದ ಕೊಂಬೆಯನ್ನೆಲ್ಲ ಬುಡದಿಂದ ತುದಿಗೆ ಎಳೆದು ಎಲೆ ಉದುರಿಸುತ್ತ ಹೋದಳು. ಅವಳಿಗೆ ಅದರ ಪರಿವೆಯೇ ಇಲ್ಲ.

"ಅಯ್ಯೋ, ಚಿಗುರೆಲ್ಲ ಹಾಳು ಮಾಡ್ತಿದ್ದೀಯಲ್ಲಕ್ಕಾ!" ಎಲೆ ಕೀಳುತ್ತಿದ್ದ ಹೆಂಗಸೊಬ್ಬಳು ಕೂಗುತ್ತ ಓಡಿ ಬಂದಳು. ಅಷ್ಟು ತಮಿಳು ನನಗೂ ಅರ್ಥವಾಗುತ್ತದೆ. ವಿಷಯ ತಿಳಿದ ಮೇಲೆ ಅವಳ ದನಿ ಇಳಿಯಿತು. "ಇಲ್ಲಿ ಸಮಾಧಿಗಳಿದ್ದವಂತೆ. ಕೇಳಿಕೊಂಡು ಯಾರೂ ಬರಲಿಲ್ಲ, ಗಿಡ ನೆಟ್ಟರು. ಯಾವುದು ಯಾರದ್ದೋ ಈಗ ಯಾರಿಗೆ ಗೊತ್ತು?"

ಆರೋಗ್ಯಮ್ಮ ಅಲ್ಲೇ ಕುಸಿದು ಕೂತು ಜೋರಾಗಿ ಅತ್ತಳು. ನನಗೆ ಮುಖ ಎಲ್ಲಿ ಇಟ್ಟುಕೊಳ್ಳಬೇಕೋ ಗೊತ್ತಾಗಲಿಲ್ಲ.

ಫಾದರ್ ಜೇಬಿನಿಂದ ತೀರ್ಥದ ಸಣ್ಣ ಬಾಟಲಿ ತೆಗೆದರು. "ನಿಮಗೆ ಎಲ್ಲಿ ಅನ್ನಿಸುತ್ತೋ ತೋರಿಸಿ, ಅಲ್ಲೇ ಪ್ರಾರ್ಥನೆ ಮಾಡ್ತೀನಿ."

ಅವಳು ಕಣ್ಣೊರೆಸಿಕೊಂಡು ಎದ್ದಳು. ಹಳ್ಳದಿಂದ ಲೈನಿನವರೆಗೂ ಒಮ್ಮೆ ನೋಡಿದಳು.

"ಒಂದೇ ಕಡೆ ಬೇಡ ಫಾದರ್. ಇಲ್ಲಿ ಮಲಗಿರೋರ ಮಕ್ಕಳೂ ನನ್ನ ಹಾಗೇ ಹಡಗು ಹತ್ತಿದವರು. ಎಲ್ಲರಿಗೂ ತೀರ್ಥ ಹಾಕಿ."

ಗಿಡಗಳ ಎರಡನೇ ಸಾಲಿಗೇ ಬಾಟಲಿ ಖಾಲಿಯಾಯಿತು. ನಾನು ಹಳ್ಳಕ್ಕಿಳಿದು ನೀರು ತುಂಬಿ ತಂದೆ, ಫಾದರ್ ಆಶೀರ್ವದಿಸಿದರು. ಆ ಗುಡ್ಡದ ಸಾಲೆಲ್ಲ ಮುಗಿಯುವವರೆಗೂ ಬಾಟಲಿ ಹಿಡಿದು ಇಳಿದು ಹತ್ತಿದೆ.