ನಾನು ಅಜ್ಜನನ್ನು ಕೊಂದ ವಾರ

ಜೀಪು ಉಗರಗೋಳದ ಏರಿನಲ್ಲಿ ನಿಲ್ಲಬಹುದಿತ್ತು. ಕರೆಂಟು ಹೋಗಬಹುದಿತ್ತು. ಮಾಸ್ತರರು ಅಳಬಹುದಿತ್ತು. ಇಲ್ಲವೇ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು, ಸಾಯಂಗಿಲ್ಲ ಹೋಗ್ರಿ ಎಂದು ಕಟಕೋಳದ ಬಸ್ಸು ಹತ್ತಬಹುದಿತ್ತು. ನನ್ನ ಅಂಗಿಯನ್ನೇ ಹಿಡಿದು, ಯಾಕ ಕೊಂದಿ ಎಂದು ಕೇಳಲೂಬಹುದಿತ್ತು.

ಒಂದು ಸೀರಿಯಲ್‌ನಲ್ಲಿ ಮಾಸ್ತರರು ಮಾಡುತ್ತಿದ್ದ ಅಜ್ಜನನ್ನು ಸಾಯಿಸಲು ಹೊರಟವನಿಗೆ ಇಷ್ಟೆಲ್ಲ ಚಿಂತೆ.

ತೊಂಬತ್ತರ ದಶಕದ ಕೊನೆಯ ಮಾತು. ಸವದತ್ತಿ ಹತ್ತಿರ, ವಾಡೆ ಎನ್ನುವ ಹಳೆಯ ದೊಡ್ಡ ಮನೆಯೊಂದರಲ್ಲಿ ಶೂಟಿಂಗ್. ಬೈಲಹೊಂಗಲದವನು, ಈ ಕಡೆಯ ಮಾತು ಬರುತ್ತದೆ ಎಂದು ನನ್ನನ್ನು ಡೈಲಾಗ್ ಬರೆಯಲು ಇಟ್ಟುಕೊಂಡಿದ್ದರು. ಕಾಗದವಿಲ್ಲ, ಕರಾರಿಲ್ಲ. ಬೆಳಿಗ್ಗೆ ಕರೆಯಲು ಜೀಪು ಬಂದರೆ ಕೆಲಸ ಇದೆ ಎಂದು ಅರ್ಥ. ಬರದಿದ್ದರೆ? ಇಲ್ಲ ಎಂದು ಅರ್ಥ.

ಅಜ್ಜನ ಪಾತ್ರಕ್ಕೆ ಸಿಕ್ಕವರು ಕಟಕೋಳದ ರುದ್ರಪ್ಪ ಮಾಸ್ತರರು. ಮೂವತ್ತು ವರ್ಷ ನಾಟಕ ಕಂಪನಿಗಳಲ್ಲಿ ಬಣ್ಣ ಹಚ್ಚಿದವರು. ಕಂಪನಿಗಳು ಒಂದೊಂದಾಗಿ ಟೆಂಟು ಬಿಚ್ಚಿದ ಮೇಲೆ ಏಳು ವರ್ಷ ಮಗನ ಹೊಲ ಕಾಯ್ದವರು. ಮೊದಲ ದಿನ ಮೇಕಪ್ ಕನ್ನಡಿಯ ಮುಂದೆ ಕುಳಿತು, "ಬಣ್ಣದ ವಾಸನಿ ಬಡೀತ್ ನೋಡ ತಮ್ಮಾ, ಹೊಟ್ಟಿ ತುಂಬಿತು" ಎಂದಿದ್ದರು. ಅವರಿಗೆ ಬೇಕಾದದ್ದು ಅಷ್ಟೇ. ದಿನಾ ಬಣ್ಣ ಹಚ್ಚಬೇಕು.

ಆಗ ಚಾನೆಲ್‌ನಿಂದ ಫೋನ್. ಕಥೆ ಸಪ್ಪೆಯಾಗಿದೆಯಂತೆ, ಮನೆಯಲ್ಲೊಂದು ಸಾವು ಬೇಕಂತೆ. ಸೀರಿಯಲ್‌ನಲ್ಲಿ ಸಾವು ಬೇಕೆಂದರೆ ಮೊದಲು ನೆನಪಾಗುವುದು ಯಾರು? ಬರೆಯಬೇಕಾದವನು ನಾನು. ಮಾಸ್ತರರಿಗೆ ತಿಳಿಸಬೇಕಾದವನೂ ನಾನೇ.

ಚಹಾದ ಹೊತ್ತಿಗೆ ಸುತ್ತಿ ಬಳಸಿ ಹೇಳಿದೆ. ಅವರು ಬಸಿಗೆ ಸುರಿದುಕೊಂಡ ಚಹಾ ಊದುತ್ತಲೇ ಅಂದರು.

"ಸಾಯೂದೇನ್ ದೊಡ್ಡದ ಬಿಡೋ. ಎಷ್ಟ್ ಸಲ ಸತ್ತೇನಿ ನಾ."

ಶೂಟಿಂಗ್ ದಿನ ಬೆಂಗಳೂರಿನ ಡೈರೆಕ್ಟರ್ ಹೆಣವನ್ನು ಮಲಗಿಸಲು ಹೋದರು. ಹೆಣವೇ ತಡೆಯಿತು. ನಮ್ಮ ಮಂದಿಯಲ್ಲಿ ಹೆಣ ಮಲಗಿಸುವುದಿಲ್ಲ, ಕೂಡಿಸುತ್ತಾರೆ ಎಂದು ಮಾಸ್ತರರು ತಿಳಿಸಿ ಹೇಳಿ, ವಿಭೂತಿ ಹಚ್ಚಿಸಿಕೊಂಡು, ಗೋಡೆಗೆ ಒರಗಿ ಇಡೀ ಮಧ್ಯಾಹ್ನ ರೆಪ್ಪೆ ಅಲುಗಿಸದೆ ಸತ್ತು ಕುಳಿತರು. ನೋಡಲು ಬಂದ ಹೆಂಗಸರು ಗ್ಲಿಸರಿನ್ ಇಲ್ಲದೆಯೇ ಅತ್ತರು. ಕರೆಂಟೂ ಹೋಗಲಿಲ್ಲ. ಅಂದು ನನಗೆ ಒಳ್ಳೆಯ ನಿದ್ದೆ ಬಂತು.

ಒಂದು ಮಾತ್ರ ನನ್ನ ಚಿಂತೆಯ ಪಟ್ಟಿಯಲ್ಲಿ ಇರಲಿಲ್ಲ. ಕಂಪನಿ ನಾಟಕದಲ್ಲಿ ಮೊದಲ ಅಂಕಕ್ಕೆ ಸತ್ತವನು ಮನೆಗೆ ಹೋಗುವುದಿಲ್ಲ. ವೇಷ ಬದಲಿಸಿ, ಮೂರನೆಯ ಅಂಕಕ್ಕೆ ಫೌಜದಾರನೋ ಸನ್ಯಾಸಿಯೋ ಆಗಿ ಬರುತ್ತಾನೆ. ಸತ್ತವನಿಗೂ ಅಲ್ಲಿ ಕೆಲಸವಿತ್ತು, ಪಂಕ್ತಿಯಲ್ಲಿ ಊಟವಿತ್ತು. ನಮ್ಮ ಟಿವಿಯಲ್ಲಿ? ಫೋಟೋಕ್ಕೆ ಹಾರ ಬಿತ್ತೆಂದರೆ ಮುಗಿಯಿತು. (ಆರು ತಿಂಗಳಿಗೆ ನನ್ನನ್ನು ಕರೆಯಲು ಜೀಪು ಬರುವುದೂ ನಿಂತಿತು. ನನಗೆ ಹಾರವೂ ಬೀಳಲಿಲ್ಲ.)

ಅಜ್ಜ ಸತ್ತ ಮರುದಿನ ವಾಡೆಗೆ ಹೋದರೆ, ಮೊದಲ ಬಸ್ಸಿಗೇ ಬಂದ ಮಾಸ್ತರರು ಆಗಲೇ ಮೇಕಪ್ ಕೋಣೆಯಲ್ಲಿದ್ದರು. ಬಿಳಿ ಗಡ್ಡ ಬೋಳಿಸಿ, ಕರಿ ಮೀಸೆ ಅಂಟಿಸಿಕೊಂಡು ಸಿದ್ಧರಾಗಿ ಕುಳಿತಿದ್ದರು.

"ತಮ್ಮಾ," ಎಂದರು, "ಇವತ್ತ ನಾ ಯಾರು?"